ಗೇಮ್‌ನ ಫೋಲ್ಡರ್ ಎಲ್ಲಿದೆ, ಮೋಡ್ ಎಲ್ಲಿಗೆ ಹಾಕಬೇಕು?

ಪ್ರಶ್ನೆ: ನಾವು ಬದಿಯಡ್ಕದ ಹತ್ತಿರದವರು. ಮಗ ಒಂಬತ್ತನೇ ತರಗತಿ, ಕನ್ನಡ ಮಾಧ್ಯಮ. ರಜೆಯಲ್ಲಿ ಅವನಿಗೆ ಸ್ಟೀಮ್‌ನಿಂದ ಯೂರೋ ಟ್ರಕ್ ಸಿಮ್ಯುಲೇಟರ್ 2 ತೆಗೆದುಕೊಟ್ಟೆವು. ಅದರಲ್ಲಿ ಕೆಎಸ್‌ಆರ್‌ಟಿಸಿ ಬಸ್ ಓಡಿಸಬೇಕು ಅಂತ ಆಸೆ. ಬಸ್ಸಿನ ಮೋಡ್ ಫೈಲ್ ಡೌನ್‌ಲೋಡ್ ಮಾಡಿದ್ದೇವೆ. 'ಮೋಡ್ ಫೋಲ್ಡರ್‌ಗೆ ಹಾಕಿ' ಎಂದಷ್ಟೇ ಬರೆದಿದೆ. ಡೆಸ್ಕ್‌ಟಾಪ್ ಐಕಾನ್ ಮೇಲೆ ರೈಟ್ ಕ್ಲಿಕ್ ಮಾಡಿದರೆ ಗೇಮ್ ಎಲ್ಲಿದೆ ಎಂದು ತೋರಿಸುವುದೇ ಇಲ್ಲ. ಪ್ರೋಗ್ರಾಮ್ ಫೈಲ್ಸ್‌ನಲ್ಲಿ ಹುಡುಕಿ, ಅಲ್ಲೊಂದು ಮೋಡ್ ಫೋಲ್ಡರ್ ಮಾಡಿ ಹಾಕಿದೆವು. ಬಸ್ ಬರಲಿಲ್ಲ. ಗೇಮ್ ತೆಗೆದು ಮತ್ತೆ ಹಾಕಿದರೂ ಬರಲಿಲ್ಲ. ಸಿ ಡ್ರೈವ್ ಬೇರೆ ತುಂಬಿದೆ. ಗೇಮ್‌ನ ಫೋಲ್ಡರನ್ನು ಕಟ್ ಮಾಡಿ ಡಿ ಡ್ರೈವ್‌ಗೆ ಪೇಸ್ಟ್ ಮಾಡಬಹುದಾ? ವಿಂಡೋಸ್ ಹೊಸದಾಗಿ ಹಾಕಿಸಿದರೆ ಮಗ ಆಡಿದ್ದೆಲ್ಲ ಹೋಗುತ್ತದಾ? ಕಂಪ್ಯೂಟರಿನ ಯೂಸರ್ ಹೆಸರು ಕನ್ನಡದಲ್ಲಿ ನಮ್ಮ ಮನೆಯ ಹೆಸರೇ ಇದೆ, 'ಶ್ರೀನಿಲಯ' ಎಂದು. ಅದರಿಂದ ಏನಾದರೂ ತೊಂದರೆಯಾ?

ಉತ್ತರ: ಮೊದಲು ಮಗನ ಬಸ್ಸಿನ ವಿಷಯ ನೋಡೋಣ. ಅವನು ಕಾಯುತ್ತಿರುತ್ತಾನೆ.

ಈ ಗೇಮ್‌ನ ಮೋಡ್ ಫೈಲ್, ಅಂದರೆ ಗೇಮ್‌ಗೆ ಹೊಸ ಬಸ್ಸಿನಂಥದ್ದನ್ನು ಸೇರಿಸುವ ಫೈಲ್, ಹೋಗಬೇಕಾದದ್ದು ಪ್ರೋಗ್ರಾಮ್ ಫೈಲ್ಸ್‌ಗೆ ಅಲ್ಲ. ನಿಮ್ಮ ಡಾಕ್ಯುಮೆಂಟ್ಸ್ ಫೋಲ್ಡರ್ ತೆರೆಯಿರಿ. ಅದರೊಳಗೆ 'ಯೂರೋ ಟ್ರಕ್ ಸಿಮ್ಯುಲೇಟರ್ 2' ಎಂಬ ಫೋಲ್ಡರ್ ಇರುತ್ತದೆ. ಅದರೊಳಗೆ 'ಮೋಡ್' ಎಂಬ ಇನ್ನೊಂದು ಫೋಲ್ಡರ್. ಫೈಲ್ ಅಲ್ಲಿಗೆ ಹೋಗಬೇಕು. ಗೇಮನ್ನು ಒಮ್ಮೆಯೂ ತೆರೆಯದಿದ್ದರೆ ಇವು ಹುಟ್ಟಿರುವುದಿಲ್ಲ, ಹಾಗಾಗಿ ಒಮ್ಮೆ ತೆರೆದು ಮುಚ್ಚಿ. ಮೋಡ್ ಫೋಲ್ಡರ್ ಆಗಲೂ ಕಾಣದಿದ್ದರೆ ನೀವೇ ಮಾಡಬಹುದು, ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ. ಇಲ್ಲಿ ಎಲ್ಲ ಹೆಸರುಗಳನ್ನೂ ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ. ನಿಮ್ಮ ಪರದೆಯಲ್ಲಿ ಅವು ಇಂಗ್ಲಿಷ್ ಅಕ್ಷರದಲ್ಲಿ ಕಾಣುತ್ತವೆ, ಟೈಪ್ ಮಾಡುವಾಗಲೂ ಇಂಗ್ಲಿಷಿನಲ್ಲೇ ಮಾಡಬೇಕು.

ನೀವು ಪ್ರೋಗ್ರಾಮ್ ಫೈಲ್ಸ್‌ಗೆ ಹೋದದ್ದು ಸಹಜ. ಗೇಮ್ ಅಲ್ಲೇ ಇದೆ ಅಲ್ವಾ, ಅದರದ್ದೆಲ್ಲ ಅಲ್ಲೇ ಇರಬೇಕು ಎಂದು ಯಾರಿಗಾದರೂ ಅನ್ನಿಸುತ್ತದೆ. ಆದರೆ ಗೇಮ್ ಒಂದೇ ಜಾಗದಲ್ಲಿ ಇರುವುದಿಲ್ಲ. ಅದರ ಫೈಲ್‌ಗಳು ಮೂರು ಜನರದ್ದು. ಗೇಮ್ ತಯಾರಿಸಿದವರು ಕೊಟ್ಟ ಫೈಲ್‌ಗಳು ಒಂದು ಕಡೆ. ಆಡುವವರು ಆಡುತ್ತ ಆಡುತ್ತ ಹುಟ್ಟಿಸಿದ ಫೈಲ್‌ಗಳು ಇನ್ನೊಂದು ಕಡೆ. ಗೇಮ್ ಮಾರಿದ ಅಂಗಡಿ, ಅಂದರೆ ಸ್ಟೀಮ್, ಇಟ್ಟುಕೊಂಡ ಲೆಕ್ಕ ಮತ್ತೊಂದು ಕಡೆ. ಯಾವುದೇ ಫೈಲ್ ಹುಡುಕುವ ಮೊದಲು 'ಇದು ಯಾರದ್ದು?' ಎಂದು ಕೇಳಿಕೊಳ್ಳಿ. ಮುಕ್ಕಾಲು ಪಾಲು ಹುಡುಕಾಟ ಅಲ್ಲೇ ಮುಗಿಯುತ್ತದೆ. ಲಾರಿಯ ಚಿತ್ರ, ಎಂಜಿನ್ನಿನ ಸದ್ದು, ರಸ್ತೆಯ ನಕ್ಷೆ ತಯಾರಿಸಿದವರದ್ದು. ಮಗ ಗಳಿಸಿದ ಹಣ, ಕೊಂಡ ಲಾರಿ, ಬದಲಿಸಿದ ಕೀಲಿಗಳು ಮಗನದ್ದು. ಮೋಡ್ ಕೂಡ ಮಗ ತಂದದ್ದು, ಹಾಗಾಗಿ ಅದು ಮಗನ ಫೈಲ್‌ಗಳ ಜೊತೆ ಇರಬೇಕು.

ವಿಂಡೋಸ್ ಕೂಡ ಇದೇ ಗೆರೆ ಎಳೆಯುತ್ತದೆ. ಹಿಂದೆ ಗೇಮ್‌ಗಳು ತಮ್ಮ ಫೋಲ್ಡರ್‌ನಲ್ಲೇ ಸೇವ್, ಅಂದರೆ ಆಡಿದ್ದರ ದಾಖಲೆ, ಕೂಡ ಇಡುತ್ತಿದ್ದವು. 2007ರಲ್ಲಿ ವಿಂಡೋಸ್ ವಿಸ್ತಾ ಬಂದ ಮೇಲೆ ಪ್ರೋಗ್ರಾಮ್ ಫೈಲ್ಸ್‌ಗೆ ಬೀಗ ಬಿತ್ತು. ಅಡ್ಮಿನ್ ಅನುಮತಿ ಇಲ್ಲದೆ ಅಲ್ಲಿ ಬರೆಯುವಂತಿಲ್ಲ. ಹಳೆಯ ಗೇಮ್ ಅಲ್ಲಿ ಬರೆಯಲು ಹೋದರೆ ವಿಂಡೋಸ್ ಆ ಫೈಲನ್ನು ಸದ್ದಿಲ್ಲದೆ 'ವರ್ಚುವಲ್‌ಸ್ಟೋರ್' ಎಂಬ ಬೇರೆ ಫೋಲ್ಡರ್‌ಗೆ ಕಳಿಸಿಬಿಡುತ್ತದೆ. ಹಳೆಯ ಸಿಡಿಯಿಂದ ಹಾಕಿದ ಗೇಮ್‌ನ ಸೇವ್ ಎಲ್ಲೂ ಸಿಗದಿದ್ದರೆ ಆ ಹೆಸರನ್ನು ನೆನಪಿಡಿ. ಅದು ನಿಮ್ಮ ಯೂಸರ್ ಫೋಲ್ಡರ್‌ನಲ್ಲಿ ಆ್ಯಪ್‌ಡೇಟಾ, ಅದರಲ್ಲಿ ಲೋಕಲ್, ಅದರೊಳಗೆ ಇರುತ್ತದೆ.

ಈಗ ಪಾತ್, ಅಂದರೆ ಫೈಲ್‌ನ ವಿಳಾಸ, ಓದುವುದು ಹೇಗೆ ನೋಡೋಣ. ನಿಮ್ಮ ಗೇಮ್ ಸಾಮಾನ್ಯವಾಗಿ ಇರುವ ಜಾಗ ಇದು:

ಸಿ:\ಪ್ರೋಗ್ರಾಮ್ ಫೈಲ್ಸ್ (ಎಕ್ಸ್86)\ಸ್ಟೀಮ್\ಸ್ಟೀಮ್‌ಆ್ಯಪ್ಸ್\ಕಾಮನ್\ಯೂರೋ ಟ್ರಕ್ ಸಿಮ್ಯುಲೇಟರ್ 2

ನಮ್ಮ ಕಡೆ ಕಾಗದದ ಮೇಲೆ ವಿಳಾಸ ಬರೆಯುವುದು ನೆನಪಿಸಿಕೊಳ್ಳಿ. ಮೊದಲು ಮನೆಯ ಹೆಸರು, ಆಮೇಲೆ ಅಂಚೆ, ವಯಾ, ಕೊನೆಗೆ ಕಾಸರಗೋಡು ಜಿಲ್ಲೆ. ಪಾತ್ ಇದರ ತಿರುಗಾಮುರುಗಾ. ದೊಡ್ಡದರಿಂದ ಶುರುವಾಗಿ ಸಣ್ಣದಕ್ಕೆ ಬರುತ್ತದೆ. ಎಡಗಡೆಯ ತುದಿಯಲ್ಲಿ ಡ್ರೈವ್, ಬಲಗಡೆಯ ತುದಿಯಲ್ಲಿ ನಿಮಗೆ ಬೇಕಾದ ಫೋಲ್ಡರ್ ಅಥವಾ ಫೈಲ್. ನಡುವಿನ ಓರೆ ಗೆರೆ 'ಇದರ ಒಳಗೆ' ಎಂದು ಹೇಳುತ್ತದೆ. ಡ್ರೈವ್‌ಗಳು ಸಿ ಇಂದ ಏಕೆ ಶುರು ಅಂದರೆ ಎ ಮತ್ತು ಬಿ ಅಕ್ಷರಗಳು ಫ್ಲಾಪಿ ಡ್ರೈವ್‌ಗಳಿಗೆ ಮೀಸಲಾಗಿದ್ದವು. ಓರೆ ಗೆರೆ ಹಿಂದಕ್ಕೆ ಬಾಗಿರುವುದಕ್ಕೂ ಕಾರಣ ಇದೆ. ಫೋಲ್ಡರ್‌ಗಳು ಬಂದದ್ದು ವಿಂಡೋಸ್‌ಗೂ ಹಿಂದಿನ, 1983ರ ಡಾಸ್ 2ರಲ್ಲಿ. ಅಷ್ಟರಲ್ಲಿ ಮುಂದಕ್ಕೆ ಬಾಗಿದ ಗೆರೆಗೆ ಆಗಲೇ ಬೇರೆ ಕೆಲಸ ಕೊಟ್ಟಾಗಿತ್ತು.

ಎಕ್ಸ್86 ಎಂದಿರುವ ಪ್ರೋಗ್ರಾಮ್ ಫೈಲ್ಸ್ 32 ಬಿಟ್ ಪ್ರೋಗ್ರಾಮ್‌ಗಳಿಗೆ, ಅದಿಲ್ಲದ್ದು 64 ಬಿಟ್‌ನವುಗಳಿಗೆ. ಸ್ಟೀಮ್ ಶುರುವಾದದ್ದು 2003ರಲ್ಲಿ, 32 ಬಿಟ್ ಪ್ರೋಗ್ರಾಮ್ ಆಗಿ. ಆದ್ದರಿಂದ ಅದರ ಜಾಗ ಎಕ್ಸ್86ರಲ್ಲಿ. ಒಳಗಿನ ಗೇಮ್‌ಗಳು 64 ಬಿಟ್ ಆದರೂ ಅಲ್ಲೇ ಇರುತ್ತವೆ.

ಡೆಸ್ಕ್‌ಟಾಪ್ ಐಕಾನ್ ನಿಮಗೆ ದಾರಿ ತೋರಿಸದಿರಲು ಕಾರಣ, ಸ್ಟೀಮ್ ಇಡುವ ಐಕಾನ್ ಗೇಮ್‌ನ ಶಾರ್ಟ್‌ಕಟ್ ಅಲ್ಲ. ಅದೊಂದು ಲಿಂಕ್. ಪ್ರಾಪರ್ಟೀಸ್ ತೆರೆದು ನೋಡಿದರೆ ಫೋಲ್ಡರ್ ಹೆಸರಿನ ಬದಲು ಒಂದು ಸಂಖ್ಯೆ ಕಾಣುತ್ತದೆ, 227300. ಅದು ಸ್ಟೀಮ್ ಈ ಗೇಮ್‌ಗೆ ಕೊಟ್ಟ ನಂಬರ್. ಐಕಾನ್ ಒತ್ತಿದಾಗ 'ಈ ನಂಬರಿನ ಗೇಮ್ ತೆರೆ' ಎಂದು ಸ್ಟೀಮ್‌ಗೆ ಹೇಳಿಕಳಿಸುತ್ತದೆ, ಅಷ್ಟೇ. ಗೇಮ್‌ನ ಫೋಲ್ಡರ್ ಬೇಕಿದ್ದರೆ ಸ್ಟೀಮ್‌ನ ಲೈಬ್ರರಿಗೆ ಹೋಗಿ, ಗೇಮ್‌ನ ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿ, ಮ್ಯಾನೇಜ್, ಆಮೇಲೆ ಬ್ರೌಸ್ ಲೋಕಲ್ ಫೈಲ್ಸ್ ಒತ್ತಿ. ನೇರ ಅಲ್ಲಿಗೇ ಬರುತ್ತೀರಿ.

ಯಾವ ಅಂಗಡಿಯ ಗೇಮ್ ಆದರೂ ನಡೆಯುವ ಇನ್ನೊಂದು ಉಪಾಯ ಇದೆ, ನನಗೆ ಇದೇ ಜಾಸ್ತಿ ಇಷ್ಟ. ಗೇಮ್ ಓಡುತ್ತಿರುವಾಗಲೇ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ಬರುತ್ತದೆ. ಅದರಲ್ಲಿ ಗೇಮ್‌ನ ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿ ಓಪನ್ ಫೈಲ್ ಲೊಕೇಶನ್ ಆರಿಸಿ. ಈಗ ನಿಜವಾಗಿ ಓಡುತ್ತಿರುವ ಫೈಲ್ ಇರುವ ಫೋಲ್ಡರ್ ತೆರೆಯುತ್ತದೆ. ನಿಮ್ಮ ಗೇಮ್‌ನಲ್ಲಿ ಅದು ಬಿನ್ ಎಂಬ ಫೋಲ್ಡರ್‌ನ ಒಳಗೆ, ವಿನ್_ಎಕ್ಸ್64 ಎಂಬುದರಲ್ಲಿ ಇರುತ್ತದೆ. ಅಲ್ಲಿಂದ ಎರಡು ಮೆಟ್ಟಿಲು ಮೇಲೆ ಬಂದರೆ ಗೇಮ್‌ನ ಮುಖ್ಯ ಫೋಲ್ಡರ್. ಎಪಿಕ್ ಎಂಬ ಇನ್ನೊಂದು ಅಂಗಡಿಯ ಗೇಮ್‌ಗಳು ಸಾಮಾನ್ಯವಾಗಿ ಪ್ರೋಗ್ರಾಮ್ ಫೈಲ್ಸ್‌ನ ಎಪಿಕ್ ಗೇಮ್ಸ್‌ನಲ್ಲಿ, ಎಕ್ಸ್‌ಬಾಕ್ಸ್ ಆ್ಯಪ್‌ನವು ಡ್ರೈವ್‌ನ ಬುಡದಲ್ಲೇ ಎಕ್ಸ್‌ಬಾಕ್ಸ್‌ಗೇಮ್ಸ್‌ನಲ್ಲಿ ಇರುತ್ತವೆ. ವಿಂಡೋಸ್‌ಆ್ಯಪ್ಸ್ ಎಂಬ ಬೀಗ ಹಾಕಿದ ಫೋಲ್ಡರ್ ಕಂಡರೆ ಅದರ ಬೀಗ ಮುರಿಯಲು ಹೋಗಬೇಡಿ. ಕೆಲವು ಆ್ಯಪ್‌ಗಳು ತೆರೆಯುವುದೇ ನಿಂತುಹೋದೀತು.

ಇನ್ನು ಆಡುವವರ ಫೈಲ್‌ಗಳು. ತಲೆಕೆಡಿಸುವ ಭಾಗ ಇದು. ಯಾಕೆಂದರೆ ಎಲ್ಲ ಗೇಮ್‌ಗಳೂ ಒಂದೇ ಜಾಗ ಬಳಸುವುದಿಲ್ಲ. ನಿಮ್ಮದು ಡಾಕ್ಯುಮೆಂಟ್ಸ್ ಬಳಸುತ್ತದೆ. ಕೆಲವು ಡಾಕ್ಯುಮೆಂಟ್ಸ್‌ನಲ್ಲಿ ಮೈ ಗೇಮ್ಸ್ ಎಂಬ ಫೋಲ್ಡರ್ ಮಾಡುತ್ತವೆ. ಕೆಲವು ಯೂಸರ್ ಫೋಲ್ಡರ್‌ನಲ್ಲಿರುವ ಸೇವ್ಡ್ ಗೇಮ್ಸ್ ಬಳಸುತ್ತವೆ. ತುಂಬ ಗೇಮ್‌ಗಳು ಆ್ಯಪ್‌ಡೇಟಾ ಎಂಬ ಅಡಗಿಸಿಟ್ಟ ಫೋಲ್ಡರ್ ಬಳಸುತ್ತವೆ. ಅದು ಮಾಮೂಲಾಗಿ ಕಾಣುವುದಿಲ್ಲ. ವಿಂಡೋಸ್ 11ರಲ್ಲಿ ವ್ಯೂ, ಶೋ, ಹಿಡನ್ ಐಟಮ್ಸ್ ಆರಿಸಿದರೆ ಮಸುಕಾಗಿ ಕಾಣಿಸಿಕೊಳ್ಳುತ್ತದೆ. ಇಲ್ಲದಿದ್ದರೆ ವಿಂಡೋಸ್ ಕೀ ಜೊತೆ ಆರ್ ಒತ್ತಿ, %ಆ್ಯಪ್‌ಡೇಟಾ% ಎಂದು ಎರಡೂ ಕಡೆ ಶೇಕಡಾ ಚಿಹ್ನೆ ಹಾಕಿ ಟೈಪ್ ಮಾಡಿ. ರೋಮಿಂಗ್ ಎಂಬ ಫೋಲ್ಡರ್‌ಗೆ ಬರುತ್ತೀರಿ. ಅದರ ಜೊತೆಗೇ ಲೋಕಲ್ ಮತ್ತು ಲೋಕಲ್‌ಲೋ ಇರುತ್ತವೆ. ಆಫೀಸಿನ ನೆಟ್‌ವರ್ಕ್‌ನಲ್ಲಿ ಯೂಸರ್ ಬೇರೆ ಕಂಪ್ಯೂಟರ್‌ಗೆ ಹೋದರೆ ಜೊತೆಗೆ ಹೋಗಬೇಕಾದದ್ದು ರೋಮಿಂಗ್, ಈ ಕಂಪ್ಯೂಟರಿನಲ್ಲೇ ಉಳಿಯುವುದು ಲೋಕಲ್. ಮನೆಯ ಕಂಪ್ಯೂಟರಿಗೆ ಈ ವ್ಯತ್ಯಾಸ ಲೆಕ್ಕಕ್ಕಿಲ್ಲ, ಆದರೆ ಗೇಮ್ ಮಾಡಿದವರು ಯಾವುದನ್ನಾದರೂ ಆರಿಸಿರುತ್ತಾರೆ. ಮೈನ್‌ಕ್ರಾಫ್ಟ್‌ನ ಜಾವಾ ಆವೃತ್ತಿ ಮತ್ತು ಸ್ಟಾರ್‌ಡ್ಯೂ ವ್ಯಾಲಿ ರೋಮಿಂಗ್‌ನಲ್ಲಿ. ಯುನಿಟಿ ಎಂಜಿನ್‌ನಲ್ಲಿ ಮಾಡಿದ ಗೇಮ್‌ಗಳು ಹೆಚ್ಚಾಗಿ ಲೋಕಲ್‌ಲೋದಲ್ಲಿ, ತಯಾರಿಸಿದ ಕಂಪನಿಯ ಹೆಸರಿನ ಒಳಗೆ.

ಡಾಕ್ಯುಮೆಂಟ್ಸ್‌ಗೆ ಮರಳೋಣ, ಅಲ್ಲೊಂದು ಮೋಸ ಹೋಗುವ ಜಾಗ ಇದೆ. ಈಗಿನ ವಿಂಡೋಸ್‌ನಲ್ಲಿ ಒನ್‌ಡ್ರೈವ್, ಅಂದರೆ ಫೈಲ್‌ಗಳನ್ನು ಇಂಟರ್ನೆಟ್‌ನಲ್ಲಿ ಕಾಪಿ ಇಡುವ ಮೈಕ್ರೋಸಾಫ್ಟ್‌ನ ಸೇವೆ, ಆನ್ ಆಗಿದ್ದರೆ ಡಾಕ್ಯುಮೆಂಟ್ಸ್ ಫೋಲ್ಡರ್ ಒನ್‌ಡ್ರೈವ್‌ನ ಒಳಗೆ ಹೋಗಿ ಕೂತಿರಬಹುದು. ಆಗ ನಿಮ್ಮ ಕಂಪ್ಯೂಟರಿನಲ್ಲಿ ಡಾಕ್ಯುಮೆಂಟ್ಸ್ ಎಂಬ ಹೆಸರಿನವು ಎರಡು ಇರುವ ಸಾಧ್ಯತೆ ಇದೆ. ಒಂದು ಸಿ:\ಯೂಸರ್ಸ್\ಶ್ರೀನಿಲಯ\ಡಾಕ್ಯುಮೆಂಟ್ಸ್. ಇನ್ನೊಂದು ಸಿ:\ಯೂಸರ್ಸ್\ಶ್ರೀನಿಲಯ\ಒನ್‌ಡ್ರೈವ್\ಡಾಕ್ಯುಮೆಂಟ್ಸ್. ಗೇಮ್ ಓದುವುದು ವಿಂಡೋಸ್ ಯಾವುದನ್ನು ಡಾಕ್ಯುಮೆಂಟ್ಸ್ ಎಂದು ಒಪ್ಪಿಕೊಂಡಿದೆಯೋ ಅದನ್ನು ಮಾತ್ರ. ಇನ್ನೊಂದರಲ್ಲಿ ಎಷ್ಟು ಸರಿಯಾಗಿ ಫೋಲ್ಡರ್ ಮಾಡಿ ಹಾಕಿದರೂ ಅದು ತಿರುಗಿ ನೋಡುವುದಿಲ್ಲ. ಎಡಗಡೆಯ ಪಟ್ಟಿಯಲ್ಲಿರುವ ಡಾಕ್ಯುಮೆಂಟ್ಸ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ತೆರೆಯಿರಿ. ಲೊಕೇಶನ್ ಎಂಬ ಕಡೆ ನಿಜವಾದ ಪಾತ್ ಇರುತ್ತದೆ. ಅದನ್ನು ನಂಬಿ.

ಹಣದ ವಿಷಯವೂ ಇದೆ. ಬಸ್ಸಿನ ಮೋಡ್ ಒಂದೊಂದೂ ನೂರಾರು ಎಂಬಿ ಇರಬಹುದು. ಒನ್‌ಡ್ರೈವ್‌ನ ಒಳಗಿದ್ದರೆ ಅಷ್ಟೂ ಸುಮ್ನೆ ಅಪ್‌ಲೋಡ್ ಆಗುತ್ತದೆ. ಉಚಿತವಾಗಿ ಸಿಗುವುದು 5 ಜಿಬಿ ಮಾತ್ರ, ಅದು ಬೇಗ ತುಂಬುತ್ತದೆ. ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ನಡೆಯುವ ಮನೆಯಾದರೆ ದಿನದ ಡೇಟಾ ಬೆಳಿಗ್ಗೆಯೇ ಖಾಲಿ. ಒನ್‌ಡ್ರೈವ್‌ನ ಸೆಟ್ಟಿಂಗ್ಸ್‌ನಲ್ಲಿ ಬ್ಯಾಕಪ್ ಎಂಬ ಕಡೆ ಡಾಕ್ಯುಮೆಂಟ್ಸ್ ಒಂದನ್ನು ನಿಲ್ಲಿಸಬಹುದು. ನಿಲ್ಲಿಸುವ ಮೊದಲು ಗೇಮ್‌ನ ಫೋಲ್ಡರನ್ನು ಪೆನ್‌ಡ್ರೈವ್‌ಗೆ ಕಾಪಿ ಮಾಡಿಡಿ. ನಿಲ್ಲಿಸಿದಾಗ ಫೈಲ್‌ಗಳು ಒನ್‌ಡ್ರೈವ್ ಕಡೆಯೇ ಉಳಿದು, ಹೊಸ ಡಾಕ್ಯುಮೆಂಟ್ಸ್ ಖಾಲಿಯಾಗಿ ಕಾಣಬಹುದು. ಮಗು ಗಾಬರಿಯಾಗಬಾರದು.

ಮೋಡ್ ಸರಿಯಾದ ಫೋಲ್ಡರ್‌ಗೆ ಹೋದ ಮೇಲೂ ಬಸ್ ಬರದಿದ್ದರೆ ಫೈಲನ್ನೇ ನೋಡಿ. ವ್ಯೂ, ಶೋದಲ್ಲಿ ಫೈಲ್ ನೇಮ್ ಎಕ್ಸ್‌ಟೆನ್ಶನ್ಸ್ ಆನ್ ಮಾಡಿ, ಫೈಲ್‌ನ ಹೆಸರಿನ ಕೊನೆಯ ಬಾಲ ಕಾಣುತ್ತದೆ. ಈ ಗೇಮ್‌ನ ಮೋಡ್‌ಗೆ .ಎಸ್‌ಸಿಎಸ್ ಎಂಬ ಬಾಲ ಇರುತ್ತದೆ, ಅದು ಗೇಮ್ ತಯಾರಿಸಿದ ಪ್ರಾಗ್ ನಗರದ ಎಸ್‌ಸಿಎಸ್ ಸಾಫ್ಟ್‌ವೇರ್‌ನ ಹೆಸರು. .ಜಿಪ್ ಕೂಡ ಗೇಮ್ ಓದುತ್ತದೆ. ಆದರೆ ಡೌನ್‌ಲೋಡ್ ಆದದ್ದು .ಆರ್‌ಎಆರ್ ಅಥವಾ .7ಜಡ್ ಆಗಿದ್ದರೆ, ಇಲ್ಲವೇ ಜಿಪ್‌ನ ಒಳಗೆ ಮತ್ತೊಂದು .ಎಸ್‌ಸಿಎಸ್ ಇದ್ದರೆ, ಮೊದಲು ಬಿಚ್ಚಿ, ಒಳಗಿನ .ಎಸ್‌ಸಿಎಸ್ ಫೈಲ್ ಮಾತ್ರ ಹಾಕಿ. ಬಾಲ .ಇಎಕ್ಸ್‌ಇ ಆಗಿದ್ದರೆ ಮುಟ್ಟಬೇಡಿ, ಅಳಿಸಿಬಿಡಿ. ಮೋಡ್ ಅಂದರೆ ಗೇಮ್ ಓದುವ ಸಾಮಗ್ರಿ, ಅದು ತಾನೇ ಓಡುವ ಪ್ರೋಗ್ರಾಮ್ ಆಗಿ ಬರಬೇಕಾದ ಕಾರಣವೇ ಇಲ್ಲ.

ಕಾಸರಗೋಡಿನವರಿಗೇ ಬರುವ ಒಂದು ಸಮಸ್ಯೆ ಇದೆ. ನಮ್ಮಲ್ಲಿಂದ ಮಂಗಳೂರಿಗೆ ಕೇರಳದ ಬಸ್ಸೂ ಓಡುತ್ತದೆ, ಕರ್ನಾಟಕದ ಬಸ್ಸೂ ಓಡುತ್ತದೆ. ಎರಡನ್ನೂ ಕೆಎಸ್‌ಆರ್‌ಟಿಸಿ ಎಂದೇ ಕರೆಯುತ್ತೇವೆ. ಮೋಡ್ ಮಾಡುವವರೂ ಫೈಲ್‌ಗೆ ಅದೇ ಹೆಸರು ಇಟ್ಟಿರಬಹುದು. ಒಂದೇ ಫೋಲ್ಡರ್‌ನಲ್ಲಿ ಒಂದೇ ಹೆಸರಿನ ಎರಡು ಫೈಲ್ ಇರಲಾರವು. ಎರಡನೆಯದನ್ನು ಪೇಸ್ಟ್ ಮಾಡುವಾಗ 'ರಿಪ್ಲೇಸ್ ಮಾಡಲಾ?' ಎಂದು ಕೇಳುತ್ತದೆ. ಹೌದು ಅಂದರೆ ಮೊದಲಿನ ಬಸ್ ಹೋಯಿತು. ಹಾಕುವ ಮೊದಲೇ ಒಂದರ ಹೆಸರಿನ ಕೊನೆಗೆ ಕೇರಳ, ಇನ್ನೊಂದಕ್ಕೆ ಕರ್ನಾಟಕ ಎಂದು ಇಂಗ್ಲಿಷ್ ಅಕ್ಷರದಲ್ಲಿ ಸೇರಿಸಿ. ಒಮ್ಮೆ ಬಳಸಲು ಶುರು ಮಾಡಿದ ಮೇಲೆ ಹೆಸರು ಬದಲಿಸಬೇಡಿ, ಗೇಮ್ ಮೋಡನ್ನು ಹೆಸರಿನಿಂದಲೇ ನೆನಪಿಡುತ್ತದೆ.

ಫೋಲ್ಡರ್‌ಗೆ ಹಾಕಿದ ಮಾತ್ರಕ್ಕೆ ಮೋಡ್ ಚಾಲೂ ಆಗುವುದಿಲ್ಲ. ಗೇಮ್ ತೆರೆದು ಪ್ರೊಫೈಲ್ ಆರಿಸುವ ಪರದೆಯಲ್ಲಿ ಮೋಡ್ ಮ್ಯಾನೇಜರ್ ಇದೆ. ಎಡಗಡೆ ಸಿಕ್ಕಿದ ಮೋಡ್‌ಗಳು, ಬಲಗಡೆ ಚಾಲೂ ಇರುವವು. ಎಡಗಡೆಯ ಪಟ್ಟಿಯಲ್ಲಿ ಬಸ್ಸಿನ ಹೆಸರು ಕಂಡರೆ ಫೋಲ್ಡರ್ ಸರಿ ಇದೆ ಎಂದರ್ಥ, ಅದನ್ನು ಬಲಗಡೆಗೆ ತನ್ನಿ. ಗೇಮ್‌ನ ಆವೃತ್ತಿಗೆ ಹೊಂದದ ಮೋಡ್ ಆದರೆ ಅಲ್ಲೇ ಎಚ್ಚರಿಕೆ ಕಾಣುತ್ತದೆ. 2012ರಲ್ಲಿ ಬಂದ ಗೇಮ್ ಇದು, ಇಂದಿಗೂ ಹೊಸ ಆವೃತ್ತಿ ಬರುತ್ತಲೇ ಇದೆ, ಹಳೆಯ ಮೋಡ್‌ಗಳು ಹಿಂದೆ ಬೀಳುತ್ತವೆ. ಮೋಡ್ ಹಳೆಯದಾದರೆ ಸ್ಟೀಮ್‌ನಲ್ಲಿ ಗೇಮ್‌ನ ಪ್ರಾಪರ್ಟೀಸ್, ಬೀಟಾಸ್ ಎಂಬ ಕಡೆ ಗೇಮ್‌ನ ಹಳೆಯ ಆವೃತ್ತಿಯನ್ನೂ ಆರಿಸಬಹುದು. ಸ್ಟೀಮ್ ವರ್ಕ್‌ಶಾಪ್‌ನಿಂದ, ಅಂದರೆ ಸ್ಟೀಮ್‌ನಲ್ಲೇ ಮೋಡ್ ಸಿಗುವ ಜಾಗದಿಂದ, ಸಬ್‌ಸ್ಕ್ರೈಬ್ ಮಾಡಿದ ಮೋಡ್‌ಗಳು ಈ ಫೋಲ್ಡರ್‌ಗೆ ಬರುವುದೇ ಇಲ್ಲ. ಅವು ಅಂಗಡಿಯ ಮೂಲಕ ಬಂದವು. ಸ್ಟೀಮ್‌ಆ್ಯಪ್ಸ್‌ನಲ್ಲಿ ವರ್ಕ್‌ಶಾಪ್, ಕಂಟೆಂಟ್, 227300 ಎಂಬ ಫೋಲ್ಡರ್‌ನಲ್ಲಿ ಸ್ಟೀಮ್ ತಾನೇ ಇಟ್ಟುಕೊಳ್ಳುತ್ತದೆ.

ಈಗ 'ಶ್ರೀನಿಲಯ'. ಈ ಪ್ರಶ್ನೆಯನ್ನು ನೀವು ಕೇಳಿದ್ದು ನನಗೆ ತುಂಬ ಸಂತೋಷ. ಕನ್ನಡದಲ್ಲಿ ಹೆಸರಿಟ್ಟದ್ದು ತಪ್ಪಲ್ಲ. ವಿಂಡೋಸ್ ಒಳಗಿನಿಂದ ಯೂನಿಕೋಡ್, ಅಂದರೆ ಎಲ್ಲ ಲಿಪಿಗಳ ಚಿಹ್ನೆಗಳಿಗೂ ನಂಬರ್ ಕೊಟ್ಟ ಪಟ್ಟಿ, ಬಳಸುತ್ತದೆ, ಕನ್ನಡದ ಫೋಲ್ಡರ್ ಹೆಸರು ಅದಕ್ಕೆ ಯಾವ ಕಷ್ಟವೂ ಅಲ್ಲ. ಕಷ್ಟ ಬರುವುದು ಹಳೆಯ ರೀತಿಯಲ್ಲಿ ಬರೆದ ಗೇಮ್‌ಗಳಿಗೆ. ಅವು ಫೈಲ್‌ನ ಹೆಸರನ್ನು ಕೋಡ್ ಪೇಜ್ ಎಂಬ 256 ಚಿಹ್ನೆಗಳ ಪಟ್ಟಿಯ ಮೂಲಕ ಓದುತ್ತವೆ. ರಷ್ಯನ್ ಭಾಷೆಗೆ 1251 ಎಂಬ ಕೋಡ್ ಪೇಜ್ ಇದೆ, ಅಲ್ಲಿನವರು ತಮ್ಮ ಲಿಪಿಯ ಹೆಸರಿನಲ್ಲಿ ಹೇಗೋ ನಡೆಸುತ್ತಿದ್ದರು. ಕನ್ನಡಕ್ಕೆ ಅಂಥದ್ದು ಇಲ್ಲವೇ ಇಲ್ಲ. ವಿಂಡೋಸ್‌ಗೆ ಕನ್ನಡ ಬಂದದ್ದು 2001ರ ಎಕ್ಸ್‌ಪಿಯಲ್ಲಿ. ಅಷ್ಟರಲ್ಲಿ ಯೂನಿಕೋಡ್ ಬಂದಾಗಿತ್ತು, ಹಾಗಾಗಿ ನೇರ ಅದಕ್ಕೇ ಸೇರಿತು. ಮಲಯಾಳಂ, ತಮಿಳು, ತೆಲುಗು ಕೂಡ ವಿಂಡೋಸ್‌ಗೆ ಬಂದದ್ದು ಯೂನಿಕೋಡ್ ಮೂಲಕವೇ.

ಪರಿಣಾಮ ಏನು ಅಂದರೆ, ಅಂಥ ಗೇಮ್‌ಗೆ ಕನ್ನಡದ ಒಂದೊಂದು ಚಿಹ್ನೆಯೂ ಪ್ರಶ್ನಾರ್ಥಕ ಚಿಹ್ನೆಯಾಗಿ ಕಾಣುತ್ತದೆ. ಶ್ರೀನಿಲಯ ಎಂಬುದು ನಮ್ಮ ಕಣ್ಣಿಗೆ ನಾಲ್ಕು ಅಕ್ಷರ. ಕಂಪ್ಯೂಟರಿಗೆ ಅದು ಎಂಟು: ಶ, ವಿರಾಮದ ಚಿಹ್ನೆ, ರ, ದೀರ್ಘದ ಚಿಹ್ನೆ, ನ, ಗುಡಿಸಿನ ಚಿಹ್ನೆ, ಲ, ಯ. ಹಾಗಾಗಿ ಪಾತ್ ಸಿ:\ಯೂಸರ್ಸ್\???????? ಎಂದಾಗುತ್ತದೆ. ವಿಂಡೋಸ್‌ನಲ್ಲಿ ಫೈಲ್‌ನ ಹೆಸರಿನಲ್ಲಿ ಪ್ರಶ್ನಾರ್ಥಕ ಚಿಹ್ನೆ ಇರುವಂತೆಯೇ ಇಲ್ಲ. ಗೇಮ್ ಇಲ್ಲದ ಜಾಗವನ್ನು ಹುಡುಕುತ್ತದೆ, ಸಿಗುವುದಿಲ್ಲ, ಸೇವ್ ಆಗುವುದಿಲ್ಲ, ಇಲ್ಲವೇ ತೆರೆದ ಕೂಡಲೇ ಮುಚ್ಚಿಹೋಗುತ್ತದೆ. ಈಚಿನ ಗೇಮ್‌ಗಳಲ್ಲಿ ಈ ತೊಂದರೆ ಕಡಿಮೆ. ಹಳೆಯವು ಮತ್ತು ಹವ್ಯಾಸಿಗಳು ಮಾಡಿದ ಮೋಡ್ ಉಪಕರಣಗಳಲ್ಲಿ ಇನ್ನೂ ಇದೆ. ಪಾತ್‌ನ ಉದ್ದಕ್ಕೂ ಮಿತಿ ಇದೆ, ತುಂಬ ಪ್ರೋಗ್ರಾಮ್‌ಗಳಿಗೆ 260 ಚಿಹ್ನೆ. ಅಲ್ಲೂ ಲೆಕ್ಕ ಈ ಎಂಟರದ್ದೇ, ನಾಲ್ಕರದ್ದಲ್ಲ. ತುಳು ಲಿಪಿ 2024ರಲ್ಲಿ ಯೂನಿಕೋಡ್ 16ಕ್ಕೆ ಸೇರಿತು, ಅದರ ಒಂದೊಂದು ಚಿಹ್ನೆ ಈ ಲೆಕ್ಕದಲ್ಲಿ ಎರಡೆರಡಾಗಿ ಬರುತ್ತದೆ.

ಪರಿಹಾರ ಸುಲಭ, ಹೇಗೂ ನೀವು ವಿಂಡೋಸ್ ಹೊಸದಾಗಿ ಹಾಕಿಸುವವರಿದ್ದೀರಿ. ಕಂಟ್ರೋಲ್ ಪ್ಯಾನೆಲ್‌ನಲ್ಲಿ ಅಕೌಂಟಿನ ಹೆಸರು ಬದಲಿಸಿದರೆ ಫೋಲ್ಡರ್‌ನ ಹೆಸರು ಬದಲಾಗುವುದಿಲ್ಲ. ಫೋಲ್ಡರ್ ಹುಟ್ಟುವುದು ಅಕೌಂಟಿಗೆ ಮೊದಲ ಸಲ ಸೈನ್ ಇನ್ ಆದಾಗ, ಆಗಿನ ಹೆಸರಿನಲ್ಲಿ. ಇದನ್ನೇ ನಮ್ಮ ಅನುಕೂಲಕ್ಕೆ ಬಳಸೋಣ. ಹೊಸ ವಿಂಡೋಸ್‌ನಲ್ಲಿ ಲೋಕಲ್ ಅಕೌಂಟನ್ನು ಮೊದಲು ಇಂಗ್ಲಿಷ್ ಅಕ್ಷರಗಳಲ್ಲಿ, ಜಾಗ ಬಿಡದೆ ಮಾಡಿ. ಒಮ್ಮೆ ಒಳಗೆ ಹೋಗಿ. ಆಮೇಲೆ ಅಕೌಂಟಿನ ಹೆಸರನ್ನು ಕನ್ನಡಕ್ಕೆ ಬದಲಿಸಿ. ಪರದೆಯ ಮೇಲೆ 'ಶ್ರೀನಿಲಯ' ಎಂದೇ ಇರುತ್ತದೆ, ಫೋಲ್ಡರ್ ಮಾತ್ರ ಇಂಗ್ಲಿಷಿನಲ್ಲಿ. ಮೈಕ್ರೋಸಾಫ್ಟ್ ಅಕೌಂಟ್‌ನಿಂದ ಶುರು ಮಾಡಿದರೆ ಫೋಲ್ಡರ್‌ಗೆ ಇಮೇಲ್‌ನ ಮೊದಲ ಐದು ಅಕ್ಷರ ಬರುತ್ತದೆ, ಅದರಿಂದಲೂ ತೊಂದರೆ ಇಲ್ಲ. ಇಡೀ ವಿಂಡೋಸ್‌ನ ಕೋಡ್ ಪೇಜನ್ನೇ ಯುಟಿಎಫ್-8 ಎಂಬ ಯೂನಿಕೋಡ್ ರೂಪಕ್ಕೆ ಬದಲಿಸುವ ಆಯ್ಕೆಯೂ ಇದೆ, ಆದರೆ ಇನ್ನೂ ಬೀಟಾ ಎಂದೇ ಬರೆದಿದೆ. ಯೂನಿಕೋಡ್ ಅಲ್ಲದ ಹಳೆಯ ಕನ್ನಡ ಟೈಪಿಂಗ್ ತಂತ್ರಾಂಶ ಮನೆಯಲ್ಲಿದ್ದರೆ ಅದು ಕೆಡಬಹುದು. ನಾನಾದರೆ ಅದನ್ನು ಮುಟ್ಟುವುದಿಲ್ಲ.

ಡಿ ಡ್ರೈವ್‌ಗೆ ಕಟ್ ಪೇಸ್ಟ್ ಬೇಡ. ಅಲ್ಲಿ ಮೂರನೆಯವನ, ಅಂದರೆ ಸ್ಟೀಮ್‌ನ, ಲೆಕ್ಕ ಅಡ್ಡ ಬರುತ್ತದೆ. ಸ್ಟೀಮ್‌ಆ್ಯಪ್ಸ್ ಫೋಲ್ಡರ್‌ನಲ್ಲಿ 'ಆ್ಯಪ್‌ಮ್ಯಾನಿಫೆಸ್ಟ್_227300.ಎಸಿಎಫ್' ಎಂಬ ಪುಟ್ಟ ಫೈಲ್ ಇದೆ. ನೋಟ್‌ಪ್ಯಾಡ್‌ನಲ್ಲಿ ತೆರೆದು ನೋಡಬಹುದು, ಬದಲಿಸಬೇಡಿ. ಗೇಮ್ ಯಾವುದು, ಕಾಮನ್ ಫೋಲ್ಡರ್‌ನಲ್ಲಿ ಅದರ ಹೆಸರೇನು, ಎಷ್ಟು ದೊಡ್ಡದು ಎಂದು ಅದರಲ್ಲಿರುತ್ತದೆ. ನೀವು ಗೇಮನ್ನು ಸರಿಸಿದರೂ ಈ ಲೆಕ್ಕ ಹಳೆಯ ಜಾಗದಲ್ಲೇ ಉಳಿಯುತ್ತದೆ, ಸ್ಟೀಮ್ ಅಲ್ಲಿ ನೋಡುತ್ತದೆ, ಏನೂ ಇರುವುದಿಲ್ಲ. ಆಗ ಇಡೀ ಗೇಮ್ ಮತ್ತೆ ಡೌನ್‌ಲೋಡ್ ಮಾಡಲು ಶುರು ಮಾಡುತ್ತದೆ. ಬದಲಿಗೆ ಸ್ಟೀಮ್‌ನ ಸೆಟ್ಟಿಂಗ್ಸ್, ಸ್ಟೋರೇಜ್‌ಗೆ ಹೋಗಿ ಡಿ ಡ್ರೈವ್ ಸೇರಿಸಿ. ಗೇಮ್ ಆರಿಸಿ ಮೂವ್ ಒತ್ತಿ. ಅದು ಡಿ:\ಸ್ಟೀಮ್‌ಲೈಬ್ರರಿ\ಸ್ಟೀಮ್‌ಆ್ಯಪ್ಸ್\ಕಾಮನ್ ಎಂಬಲ್ಲಿಗೆ ಫೈಲ್‌ಗಳನ್ನೂ ಲೆಕ್ಕವನ್ನೂ ಒಟ್ಟಿಗೆ ಸರಿಸುತ್ತದೆ. ಇಂಟರ್ನೆಟ್ ಖರ್ಚಾಗುವುದಿಲ್ಲ. ಈಗಾಗಲೇ ಕಟ್ ಪೇಸ್ಟ್ ಮಾಡಿಬಿಟ್ಟಿದ್ದರೆ ಫೋಲ್ಡರನ್ನು ಅದೇ ಹೆಸರಿನಲ್ಲಿ ಡಿ ಡ್ರೈವ್‌ನ ಕಾಮನ್ ಒಳಗೆ ಇಡಿ, ಸ್ಟೀಮ್‌ನಲ್ಲಿ ಆ ಡ್ರೈವ್‌ಗೇ ಇನ್‌ಸ್ಟಾಲ್ ಎನ್ನಿ. ಇರುವ ಫೈಲ್‌ಗಳನ್ನು ಪರಿಶೀಲಿಸಿ, ಇಲ್ಲದ್ದನ್ನಷ್ಟೇ ತರಿಸಿಕೊಳ್ಳುತ್ತದೆ.

ವಿಂಡೋಸ್ ಹೊಸದಾಗಿ ಹಾಕುವಾಗ ಡಿ ಡ್ರೈವ್ ಅಳಿಸದಿದ್ದರೆ ಗೇಮ್ ಉಳಿಯುತ್ತದೆ. ಸ್ಟೀಮ್ ಮತ್ತೆ ಹಾಕಿ, ಸ್ಟೋರೇಜ್‌ನಲ್ಲಿ ಆ ಲೈಬ್ರರಿಯನ್ನು ತೋರಿಸಿದರೆ ಸಾಕು. ಆದರೆ ದಯವಿಟ್ಟು ಇಷ್ಟಕ್ಕೇ ಸಮಾಧಾನಪಡಬೇಡಿ. ಡಿ ಡ್ರೈವ್‌ನಲ್ಲಿರುವುದು ತಯಾರಿಸಿದವರ ಫೈಲ್‌ಗಳು, ಅವು ಹೋದರೂ ಮತ್ತೆ ಸಿಗುತ್ತವೆ. ಮಗ ಆಡಿದ್ದು ಸಿ ಡ್ರೈವ್‌ನಲ್ಲೇ ಇದೆ, ಫಾರ್ಮ್ಯಾಟ್ ಮಾಡಿದರೆ ಅಳಿಯುವುದು ಅದೇ. 'ಗೇಮ್ ಡಿ ಡ್ರೈವ್‌ನಲ್ಲಿದೆ, ಏನೂ ಆಗಲ್ಲ' ಎಂದುಕೊಂಡು ತಿಂಗಳುಗಟ್ಟಲೆ ಆಡಿದ್ದನ್ನು ಕಳೆದುಕೊಂಡ ಮಕ್ಕಳಿದ್ದಾರೆ. ಎರಡು ಜಾಗ ಕಾಪಿ ಮಾಡಿಕೊಳ್ಳಿ. ಒಂದು ಡಾಕ್ಯುಮೆಂಟ್ಸ್‌ನ ಇಡೀ ಯೂರೋ ಟ್ರಕ್ ಸಿಮ್ಯುಲೇಟರ್ 2 ಫೋಲ್ಡರ್. ಇನ್ನೊಂದು ಸ್ಟೀಮ್ ಫೋಲ್ಡರ್‌ನ ಒಳಗಿನ ಯೂಸರ್‌ಡೇಟಾ. ಪ್ರೊಫೈಲ್‌ಗೆ ಸ್ಟೀಮ್ ಕ್ಲೌಡ್, ಅಂದರೆ ಸೇವ್‌ನ ಕಾಪಿಯನ್ನು ಇಂಟರ್ನೆಟ್‌ನಲ್ಲಿ ಇಡುವ ಸೌಲಭ್ಯ, ಆನ್ ಮಾಡಿದ್ದರೆ ಅದರ ಸೇವ್ ಇರುವುದು ಅಲ್ಲಿ, ಅಕೌಂಟಿನ ನಂಬರ್, 227300, ರಿಮೋಟ್, ಪ್ರೊಫೈಲ್ಸ್ ಎಂಬ ಸಾಲಿನಲ್ಲಿ.

ಪ್ರೊಫೈಲ್ಸ್ ತೆರೆದರೆ ಉದ್ದುದ್ದದ ಅಂಕಿಗಳ ಫೋಲ್ಡರ್ ಕಾಣುತ್ತದೆ. ಕಸ ಎಂದುಕೊಂಡು ಅಳಿಸಬೇಡಿ. ಅದು ಪ್ರೊಫೈಲ್‌ನ ಹೆಸರೇ, ಪ್ರತಿ ಅಕ್ಷರಕ್ಕೂ ಕಂಪ್ಯೂಟರಿನ ಅಂಕಿ ಹಾಕಿ ಬರೆದದ್ದು. ಇಂಗ್ಲಿಷಿನಲ್ಲಿ, ಮೊದಲ ಅಕ್ಷರ ದೊಡ್ಡದಾಗಿ ರವಿ ಎಂದು ಪ್ರೊಫೈಲ್ ಮಾಡಿದರೆ ಫೋಲ್ಡರ್‌ನ ಹೆಸರು 52617669 ಆಗುತ್ತದೆ.

ಗೇಮ್ ತೆಗೆದು ಮತ್ತೆ ಹಾಕಿದರೂ ಏನೂ ಬದಲಾಗಲಿಲ್ಲ ಎಂದಿರಿ. ಅದಕ್ಕೂ ಕಾರಣ ಇದೇ. ಅನ್‌ಇನ್‌ಸ್ಟಾಲ್ ಮಾಡಿದಾಗ ಸ್ಟೀಮ್ ತನ್ನ ಕಡೆಯ ಫೈಲ್‌ಗಳನ್ನು ತೆಗೆಯುತ್ತದೆ, ಡಾಕ್ಯುಮೆಂಟ್ಸ್‌ನಲ್ಲಿರುವ ನಿಮ್ಮವನ್ನು ಮುಟ್ಟುವುದಿಲ್ಲ. ಒಳ್ಳೆಯದೇ, ಸೇವ್ ಉಳಿಯುತ್ತದೆ. ಕೆಟ್ಟ ಮೋಡ್ ಇದ್ದರೆ ಅದೂ ಉಳಿಯುತ್ತದೆ. ಅನುಮಾನ ಬಂದರೆ ಡಾಕ್ಯುಮೆಂಟ್ಸ್‌ನ ಆ ಫೋಲ್ಡರ್‌ಗೆ ತಾತ್ಕಾಲಿಕವಾಗಿ ಬೇರೆ ಹೆಸರಿಡಿ. ಗೇಮ್ ಹೊಸದೊಂದನ್ನು ಮಾಡಿಕೊಳ್ಳುತ್ತದೆ. ಅದು ಸರಿಯಾಗಿ ಓಡಿದರೆ ತಪ್ಪು ಹಳೆಯ ಫೋಲ್ಡರ್‌ನಲ್ಲಿತ್ತು ಎಂದು ಗೊತ್ತಾಗುತ್ತದೆ.

ನಿಮ್ಮ ಮಗನಿಗೆ ಒಂದು ಮಾತು. ಕೇರಳದ ಶಾಲೆಯಲ್ಲಿ ಅವನು ಕಲಿಯುವುದು ಕೇರಳ ಸರಕಾರದ ಕೈಟ್ ಸಂಸ್ಥೆ ಕೊಟ್ಟ, ವಿಂಡೋಸ್ ಬದಲಿಗೆ ಬಳಸುವ ಉಬುಂಟು ಆಧಾರಿತ ಲಿನಕ್ಸ್‌ನಲ್ಲಿ. ಅಲ್ಲಿ ಸಿ, ಡಿ ಡ್ರೈವ್‌ಗಳಿಲ್ಲ, ಎಲ್ಲ ಒಂದೇ ಬುಡದಿಂದ ಶುರು. ಗೆರೆ ಮುಂದಕ್ಕೆ ಬಾಗಿರುತ್ತದೆ. ಮೋಡ್ ಎಂಬುದನ್ನು ದೊಡ್ಡ ಎಂ ಹಾಕಿ ಬರೆದರೆ ಅದು ಬೇರೆಯೇ ಫೋಲ್ಡರ್, ವಿಂಡೋಸ್‌ನಲ್ಲಿ ಎರಡೂ ಒಂದೇ. ಚುಕ್ಕಿಯಿಂದ ಶುರುವಾಗುವ ಹೆಸರುಗಳು ಅಡಗಿರುತ್ತವೆ, ಕಂಟ್ರೋಲ್ ಎಚ್ ಒತ್ತಿದರೆ ಕಾಣುತ್ತವೆ. ಈ ಗೇಮ್ ಲಿನಕ್ಸ್‌ನಲ್ಲೂ ಓಡುತ್ತದೆ. ಅಲ್ಲಿ ಅದರ ಮೋಡ್ ಫೋಲ್ಡರ್ ಹೋಮ್ ಫೋಲ್ಡರ್‌ನ .ಲೋಕಲ್, ಶೇರ್, ಯೂರೋ ಟ್ರಕ್ ಸಿಮ್ಯುಲೇಟರ್ 2 ಎಂಬ ಸಾಲಿನಲ್ಲಿದೆ. ಶಾಲೆಯಲ್ಲಿ ಹೋಮ್ ಎಂದು ಕಲಿತದ್ದೂ ಮನೆಯ ಯೂಸರ್ಸ್ ಫೋಲ್ಡರ್ ಕೂಡ ಒಂದೇ ಕೆಲಸ ಮಾಡುತ್ತವೆ ಎಂದು ತಿಳಿದರೆ ಅವನಿಗೆ ಎರಡೂ ಹಗುರ.

ಇಷ್ಟೆಲ್ಲ ಆದ ಮೇಲೂ ಬಸ್ ಬರಲಿಲ್ಲ ಎಂದರೆ ಗೇಮ್ ಒಮ್ಮೆ ತೆರೆದು ಮುಚ್ಚಿ, ಡಾಕ್ಯುಮೆಂಟ್ಸ್‌ನ ಅದೇ ಫೋಲ್ಡರ್‌ನಲ್ಲಿ 'ಗೇಮ್.ಲಾಗ್.ಟಿಎಕ್ಸ್‌ಟಿ' ಎಂಬ ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆಯಿರಿ. ಮೇಲಿನ ಸಾಲುಗಳಲ್ಲಿ ಹೋಮ್ ಡೈರೆಕ್ಟರಿ ಎಂದು ಹುಡುಕಿ. ಗೇಮ್ ನಿಮ್ಮ ಫೈಲ್‌ಗಳಿಗಾಗಿ ಎಲ್ಲಿ ನೋಡುತ್ತಿದೆ ಎಂದು ಅಲ್ಲಿ ಬರೆದಿರುತ್ತದೆ. ಆ ಪಾತ್‌ಗೂ ನೀವು ಮೋಡ್ ಹಾಕಿದ ಪಾತ್‌ಗೂ ತಾಳೆ ಆಗಬೇಕು. ಆಮೇಲೆ ಕಂಟ್ರೋಲ್ ಎಫ್ ಒತ್ತಿ ಮೋಡ್‌ನ ಹೆಸರು ಹುಡುಕಿ. ಹೆಸರೇ ಇಲ್ಲದಿದ್ದರೆ ಫೋಲ್ಡರ್ ತಪ್ಪಿದೆ, ಇಲ್ಲವೇ ಮೋಡ್ ಮ್ಯಾನೇಜರ್‌ನಲ್ಲಿ ಚಾಲೂ ಮಾಡಿಲ್ಲ. ಹೆಸರಿದ್ದು ಅದರ ಸುತ್ತ ಎರರ್ ಎಂಬ ಸಾಲುಗಳಿದ್ದರೆ ಫೋಲ್ಡರ್ ಸರಿ, ಮೋಡ್ ಕೆಟ್ಟಿದೆ. ಆ ಸಾಲುಗಳನ್ನು ಕಾಪಿ ಮಾಡಿ ನನಗೆ ಬರೆಯಿರಿ, ಗೇಮ್‌ನ ಆವೃತ್ತಿ ಯಾವುದು ಎಂಬುದನ್ನೂ ಸೇರಿಸಿ.